‘ಎಷ್ಟು ಓಡಿದೆ?’ ಎಂಬ ತಪ್ಪು ಪ್ರಶ್ನೆ

ನನ್ನ ಅಕ್ಕನ ಮಗ ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಇನ್ನೂರಕ್ಕೂ ಮೀರಿದ ಅಶ್ವಶಕ್ತಿ. ಕಾಲೇಜಿನ ದಿನಗಳಿಂದ ಅವನ ಮನಸ್ಸಿನಲ್ಲಿ ಕೂತಿದ್ದ ಗಾಡಿ. ವಯಸ್ಸು ಎಂಟು ವರ್ಷ, ಓಡಿದ್ದು ಬರೀ 31,000 ಕಿ.ಮೀ. ಒಬ್ಬರೇ ಮಾಲೀಕರು, ಅದರಲ್ಲೂ ಡಾಕ್ಟರು. ಅದೇ ವರ್ಷದ, 80,000 ಓಡಿದ ಇನ್ನೊಂದು ಕಾರು ಒಂದೂವರೆ ಲಕ್ಷ ಕಡಿಮೆಗೆ ಸಿಗುತ್ತಿತ್ತು. ದುಡ್ಡು ಹೆಚ್ಚಾದರೂ ಚಿಂತೆಯಿಲ್ಲ, ಕಡಿಮೆ ಓಡಿದ್ದನ್ನೇ ತಗೋ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಹದಿನೇಳನೆಯ ದಿನ ಅವನು ಹುಬ್ಬಳ್ಳಿಗೆ ಹೊರಟ. ಶಿರಾ ದಾಟಿ ಹಿರಿಯೂರು ತಲುಪುವ ಮೊದಲೇ ಫೋನ್ ಬಂತು: “ಮಾಮಾ, ಗಾಡಿ ನಿಂತದ. ಒಳಗ ಯಾರೋ ಸುತ್ತಿಗಿ ತಗೊಂಡು ಬಡದಂಗ ಸಪ್ಪಳ ಬಂತು. ಆಯಿಲ್ ಲೈಟ್ ಹತ್ತಿತು. ಆಮ್ಯಾಲ ಎಂಜಿನ್ ತಿರುಗಲೇ ಇಲ್ಲ.”

ಅವನು ಮನೆಗೆ ಬಂದು ಸೇರುವಷ್ಟರಲ್ಲಿ ನಮ್ಮ ಬಂಧುಬಳಗದ ತೀರ್ಪುಗಳೆಲ್ಲ ಹೊರಬಿದ್ದಿದ್ದವು. ನೀನು ಜೋರಾಗಿ ಓಡಿಸಿರಬೇಕು ಎಂದರು ಕೆಲವರು. ಫಾರಿನ್ ಗಾಡಿಗಳ ಹಣೆಬರಹವೇ ಅಷ್ಟು ಎಂದರು ಕೆಲವರು. ಹಳೇ ಗಾಡಿ ಕೊಂಡಮೇಲೆ ಅನುಭವಿಸಬೇಕು ಎಂಬುದು ಮತ್ತೆ ಕೆಲವರ ಮಾತು. ಕಡಿಮೆ ಓಡಿದ ಗಾಡಿಗೇ ಹೀಗಾಯಿತಲ್ಲ, ಎಂಥಾ ದುರದೃಷ್ಟ ಎಂದು ಎಲ್ಲರೂ ಒಟ್ಟಾಗಿ ಮರುಗಿದರು.

ಈ ಕೊನೆಯ ಮಾತಿನಲ್ಲೇ ತಪ್ಪಿನ ಬೇರು ಇದೆ. ಕಡಿಮೆ ಓಡಿದರೂ ಎಂಜಿನ್ ಹೋಯಿತು ಎಂದು ನಾವು ಹೇಳುತ್ತೇವೆ. ಆ ಕಾರಿನ ಮಟ್ಟಿಗೆ, ಕಡಿಮೆ ಓಡಿದ ರೀತಿಯಿಂದಲೇ ಎಂಜಿನ್ ಹೋಯಿತು ಎಂಬುದು ನಿಜ. ಸೆಕೆಂಡ್ ಹ್ಯಾಂಡ್ ಗಾಡಿಯನ್ನು, ಅದರಲ್ಲೂ ಹೆಚ್ಚು ಶಕ್ತಿಯ ಎಂಜಿನ್ ಇರುವ ಗಾಡಿಯನ್ನು, ಮೀಟರಿನ ಅಂಕಿ ನೋಡಿ ಅಳೆಯುವ ನಮ್ಮ ರೂಢಿ ಕೊಳ್ಳುವವನನ್ನು ಕಾಪಾಡುವುದಿಲ್ಲ. ಅನೇಕ ಸಲ ಅದೇ ಅವನನ್ನು ಹಳ್ಳಕ್ಕೆ ದೂಡುತ್ತದೆ.

ಬೆಂಗಳೂರಿನ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ, ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಬಿಚ್ಚಿದಾಗ ನಾನೂ ಅಲ್ಲಿದ್ದೆ. ತಳದಿಂದ ಆಯಿಲ್ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಆ ಜಾಲರಿಯ ಮುಕ್ಕಾಲು ಭಾಗ ಕಾಡಿಗೆಯಂಥ ಕಪ್ಪು ಗಸಿಯಿಂದ ಮುಚ್ಚಿಹೋಗಿತ್ತು. ಕನೆಕ್ಟಿಂಗ್ ರಾಡಿನ ಬೇರಿಂಗ್ ಚಿಪ್ಪುಗಳನ್ನು ಮೆಕ್ಯಾನಿಕ್ ಒಂದೊಂದಾಗಿ ಬಟ್ಟೆಯ ಮೇಲೆ ಇಟ್ಟ. ಬೂದಿ ಬಣ್ಣದ ಮೃದು ಲೋಹ ಸವೆದು ಕೆಳಗಿನ ತಾಮ್ರದ ಕೆಂಪು ಎದ್ದು ಕಾಣುತ್ತಿತ್ತು. ಒಂದು ಚಿಪ್ಪು ತನ್ನ ಜಾಗದಲ್ಲೇ ಸುತ್ತಿ, ಕ್ರ್ಯಾಂಕ್ ಶಾಫ್ಟಿಗೆ ಆಳವಾದ ಗೆರೆ ಎಳೆದಿತ್ತು. “ಸಾರ್, ಇದು ಹದಿನೇಳು ದಿನದಲ್ಲಿ ಆಗೋ ಕೆಲಸ ಅಲ್ಲ. ವರ್ಷಗಟ್ಟಲೆ ಆಗಿರೋದು” ಎಂದ. ಆ ಚಿಪ್ಪನ್ನು ಕಣ್ಣಾರೆ ನೋಡಿದವರು ಯಾರೂ ಕೊನೆಯ ಸಲ ಚಕ್ರ ಹಿಡಿದಿದ್ದವನನ್ನು ಬೈಯಲಾರರು.

ವರ್ಷಗಟ್ಟಲೆ ಆಗಿದ್ದು ಏನು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇದು ಶಾಲೆಯ ರಸಾಯನಶಾಸ್ತ್ರ. ಬಹುಪಾಲು ನೀರು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಅಲ್ಪ ಭಾಗ, ಉರಿಯದ ಪೆಟ್ರೋಲಿನ ಜೊತೆ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಗಾಡಿ ಸಾಕಷ್ಟು ಹೊತ್ತು ಓಡಿ ಆಯಿಲ್ 90–100 ಡಿಗ್ರಿಯವರೆಗೆ ಕಾದರೆ ಇವೆರಡೂ ಹಬೆಯಾಗಿ ಎದ್ದುಹೋಗುತ್ತವೆ. ಆದರೆ ಆಯಿಲ್ ಕಾಯುವುದು ಕೂಲಂಟಿಗಿಂತ ನಿಧಾನ. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂದ ಮೇಲೂ ಅದಕ್ಕೆ ಇನ್ನಷ್ಟು ನಿಮಿಷ ಬೇಕು. ಮನೆಯಿಂದ ಕ್ಲಿನಿಕ್ಕಿಗೆ ಮೂರು ಕಿಲೋಮೀಟರ್ ಹೋಗಿ ನಿಲ್ಲುವ ಗಾಡಿಯಲ್ಲಿ ಆಯಿಲ್ ಎಂದೂ ಪೂರ್ತಿ ಕಾಯುವುದಿಲ್ಲ. ನೀರು ಒಳಗೇ ಉಳಿಯುತ್ತದೆ, ಪೆಟ್ರೋಲ್ ಆಯಿಲನ್ನು ತೆಳುವಾಗಿಸುತ್ತದೆ, ಹುಳಿ ಏರುತ್ತದೆ, ಹುಳಿಯನ್ನು ತಡೆಯಲೆಂದು ಬೆರೆಸಿದ ರಾಸಾಯನಿಕಗಳು ಮುಗಿದುಹೋಗುತ್ತವೆ. ಕೊನೆಗೆ ಗಸಿ ಕಟ್ಟುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ತಲೆಗೂದಲಿನಷ್ಟು ದಪ್ಪವೂ ಇಲ್ಲದ ಸಂದಿ. ಆ ಸಂದಿಯಲ್ಲಿ ನಿಂತ ಆಯಿಲಿನ ಪೊರೆಯೇ ಎಂಜಿನ್ನಿನ ಆಯುಸ್ಸು.

ಆಮೇಲೆ ಸರ್ವಿಸ್ ದಾಖಲೆ ತರಿಸಿ ನೋಡಿದೆವು. 15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು ಎಂದು ಕಾರಿನ ಪುಸ್ತಕದಲ್ಲೇ ಇದೆ. ಎಂಟು ವರ್ಷದಲ್ಲಿ ಆಯಿಲ್ ಬದಲಾಗಿದ್ದು ಮೂರೇ ಸಲ. ಒಮ್ಮೆಯಂತೂ ಮೂರು ವರ್ಷದ ಅಂತರ. ಆ ಅವಧಿಯಲ್ಲಿ ಓಡಿದ್ದು 9,000 ಕಿ.ಮೀ. ಮಾತ್ರ. ಹದಿನೈದು ಸಾವಿರ ಇನ್ನೂ ಆಗಿಲ್ಲವಲ್ಲ ಎಂಬ ಲೆಕ್ಕ ಅದು. ‘ಒಂದು ವರ್ಷ’ ಎಂಬ ಮಾತನ್ನು ಯಾರೂ ಓದಲಿಲ್ಲ, ಏಕೆಂದರೆ ಕಿಲೋಮೀಟರ್ ಬಿಟ್ಟು ಬೇರೆ ಅಳತೆ ನಮ್ಮ ತಲೆಯಲ್ಲೇ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕು ಎಂದು ಟಾಮ್‌ಟಾಮ್ ಸಂಸ್ಥೆ 2023ರ ಸಂಚಾರದ ಬಗ್ಗೆ ಹೇಳಿತು. ಆ ವೇಗದಲ್ಲಿ 31,000 ಕಿ.ಮೀ. ಎಂದರೆ ಎಂಜಿನ್ ಸುಮಾರು 1,450 ಗಂಟೆ ತಿರುಗಿದೆ. ಅಷ್ಟೇ ಗಂಟೆ ಹೆದ್ದಾರಿಯಲ್ಲಿ ಎಪ್ಪತ್ತರ ವೇಗದಲ್ಲಿ ಓಡಿದ ಗಾಡಿಯ ಮೀಟರ್ ಒಂದು ಲಕ್ಷ ತೋರಿಸುತ್ತದೆ. ಎರಡೂ ಎಂಜಿನ್ನುಗಳು ದುಡಿದದ್ದು ಅಷ್ಟೇ ಹೊತ್ತು. ಒಂದು ಬಿಸಿಯಾಗಿ, ಗಾಳಿಯಾಡುತ್ತಾ ದುಡಿಯಿತು, ಇನ್ನೊಂದು ಸಿಗ್ನಲ್ಲಿನಲ್ಲಿ ನಿಂತು ಬೇಯುತ್ತಲೋ ತಣ್ಣಗೆ ಕೆಮ್ಮುತ್ತಲೋ ದುಡಿಯಿತು. ಈ ತಿಳಿವಳಿಕೆ ನಮಗೆ ಹೊಸದೇನಲ್ಲ. ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೋದ ರೈತ ಕೇಳುವುದು ಎಷ್ಟು ಗಂಟೆ ಓಡಿದೆ ಎಂದು. ಜೆಸಿಬಿ ಮಾರುವವನೂ ಗಂಟೆಯ ಮೀಟರನ್ನೇ ತೋರಿಸುತ್ತಾನೆ. ಟ್ರ್ಯಾಕ್ಟರಿನ ವಿಷಯದಲ್ಲಿ ಇರುವ ವಿವೇಕವನ್ನು ಮೂವತ್ತು ಲಕ್ಷದ ಕಾರಿನ ಮುಂದೆ ನಾವು ಬಿಟ್ಟುಕೊಡುತ್ತೇವೆ.

ಹಾಗಿದ್ದರೆ ಎಂಜಿನ್ ಹಳೆಯ ಮಾಲೀಕರ ಕೈಯಲ್ಲಿ ಸಾಯದೆ ಹೊಸಬನ ಕೈಯಲ್ಲಿ, ಅದೂ ಎರಡೇ ವಾರದಲ್ಲಿ ಸಾಯುವುದು ಏಕೆ? ಕೆರೆ ಏರಿಯ ಒಳಗೆ ಹೆಗ್ಗಣ ವರ್ಷಗಟ್ಟಲೆ ಬಿಲ ತೋಡುತ್ತದೆ. ಬರಗಾಲದಲ್ಲಿ ಏರಿ ಗಟ್ಟಿಯಾಗಿಯೇ ಕಾಣುತ್ತದೆ. ಮೊದಲ ದೊಡ್ಡ ಮಳೆಗೆ ಒಡೆದಾಗ ಮಳೆಯನ್ನು ಬೈದರೆ ಪ್ರಯೋಜನವಿಲ್ಲ. ಕ್ಲಿನಿಕ್ಕಿನ ದಾರಿಯಲ್ಲಿ ಎಂಜಿನ್ 2,000 ಸುತ್ತು ದಾಟುತ್ತಿರಲಿಲ್ಲ. ಮುಕ್ಕಾಲು ಮುಚ್ಚಿದ ಜಾಲರಿಯಿಂದ ಬರುವ ಆಯಿಲ್ ಅಷ್ಟಕ್ಕೆ ಸಾಕಾಗುತ್ತಿತ್ತು. ಹೊಸ ಮಾಲೀಕ ಕನಸಿನ ಕಾರನ್ನು ಕೊಂಡ ಹದಿನೇಳನೆಯ ದಿನವೇ ಹೆದ್ದಾರಿಗೆ ತಂದ. ಸುತ್ತು ಏರಿತು, ಶಾಖ ಏರಿತು, ಪೆಟ್ರೋಲ್ ಬೆರೆತು ತೆಳುವಾಗಿದ್ದ ಆಯಿಲ್ ಇನ್ನೂ ತೆಳುವಾಯಿತು. ಪಂಪ್ ಕೇಳಿದಷ್ಟು ಆಯಿಲನ್ನು ಜಾಲರಿ ಕೊಡಲಿಲ್ಲ. ನಿಮಿಷಕ್ಕೆ ಲಕ್ಷ ಸುತ್ತು ಮೀರುವ ಟರ್ಬೊ ಒಂದು ಕಡೆ, ಬೇರಿಂಗ್‌ಗಳು ಇನ್ನೊಂದು ಕಡೆ, ಎಲ್ಲವೂ ಇದ್ದ ಅಷ್ಟಿಷ್ಟರಲ್ಲೇ ಜೀವ ಹಿಡಿಯಬೇಕಾಯಿತು. ಆ ಮೊದಲ ದೂರದ ಪ್ರಯಾಣ ಎಂಜಿನ್ನಿನ ಸಾವಿಗೆ ಕಾರಣವಲ್ಲ. ಆಗಲೇ ಇದ್ದ ರೋಗವನ್ನು ತೋರಿಸಿಕೊಟ್ಟ ಪರೀಕ್ಷೆ ಅದು.

‘ಫಾರಿನ್ ಗಾಡಿಗಳೇ ಹಾಗೆ’ ಎಂಬ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಕೆಲವು ಎಂಜಿನ್ನುಗಳ ವಿನ್ಯಾಸದಲ್ಲೇ ದೌರ್ಬಲ್ಯ ಇರುತ್ತದೆ. 1990ರ ದಶಕದ ಕೊನೆಯಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 996 ಮಾದರಿಯ 911 ಕಾರುಗಳಲ್ಲಿ ಮಧ್ಯಂತರ ಶಾಫ್ಟಿನ ತುದಿಗೆ ಮುಚ್ಚಿದ ಬೇರಿಂಗ್ ಒಂದಿತ್ತು. ಅದು ಮುರಿದರೆ ಇಡೀ ಎಂಜಿನ್ ಹೋದಂತೆಯೇ. 2001ರಿಂದ 2005ರ ಮಾದರಿಗಳ ಬಗ್ಗೆ ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಈ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುವ ತಜ್ಞರು ಹೇಳುತ್ತಾ ಬಂದ ಮಾತು ನನಗೆ ಮುಖ್ಯ: ಶೆಡ್ಡಿನಲ್ಲಿ ಜೋಪಾನವಾಗಿ ನಿಂತು, ಅಪರೂಪಕ್ಕೆ ಆಯಿಲ್ ಕಂಡ ಕಾರುಗಳಿಗಿಂತ, ದಿನವೂ ಬಿಸಿಯಾಗಿ ಓಡಿ ಬೇಗ ಬೇಗ ಆಯಿಲ್ ಬದಲಾದ ಕಾರುಗಳಲ್ಲಿ ಆ ಬೇರಿಂಗ್ ಹೆಚ್ಚು ಬಾಳುತ್ತದೆ. ವಿನ್ಯಾಸದ ದೋಷ ಇರುವ ಕಡೆಯೂ ಕಡಿಮೆ ಓಡಿದ ಅಂಕಿ ರಕ್ಷಣೆ ಕೊಡಲಿಲ್ಲ.

ಬಿಎಂಡಬ್ಲ್ಯು ಎಂ3 ಕಾರಿನ ನಾಲ್ಕು ಲೀಟರಿನ ವಿ8 ಎಂಜಿನ್ ಇನ್ನೂ ಸ್ಪಷ್ಟವಾದ ಉದಾಹರಣೆ. 2007ರಿಂದ 2013ರವರೆಗೆ ಬಂದ ಈ ಎಂಜಿನ್ 8,000 ಸುತ್ತು ಮೀರಿ ತಿರುಗುತ್ತದೆ. ಅದಕ್ಕೆ ಹಾಕುವ 10ಡಬ್ಲ್ಯು-60 ಆಯಿಲ್ ತಣ್ಣಗಿರುವಾಗ ತೀರಾ ಮಂದ. ರಾಡ್ ಬೇರಿಂಗ್‌ಗಳ ಸಂದಿಯೋ ತೀರಾ ಬಿಗಿ. ಹೀಗಾಗಿ ಬೇರಿಂಗ್ ಸವೆತ ಈ ಎಂಜಿನ್ನಿನ ಹೆಸರಿಗೇ ಅಂಟಿಕೊಂಡಿದೆ. ಅದನ್ನು ಬಲ್ಲವರು ಅದರ ಬೇರಿಂಗ್‌ಗಳನ್ನು ಬ್ರೇಕ್ ಪ್ಯಾಡಿನಂತೆ ಸವೆಯುವ ಭಾಗ ಎಂದೇ ಲೆಕ್ಕ ಹಾಕಿ, ಕೆಡುವ ಮೊದಲೇ ಬದಲಿಸುತ್ತಾರೆ. ಹಳೆಯ ಎಂ3 ಕೊಳ್ಳಲು ಹೋದ ತಿಳಿದವರ ಮೊದಲ ಪ್ರಶ್ನೆ ಮೀಟರಿನದಲ್ಲ, ಬೇರಿಂಗ್ ಬದಲಾಗಿದೆಯೇ, ಬಿಲ್ ಎಲ್ಲಿ ಎಂಬುದು. ಆ ಕಾರನ್ನು ಹತ್ತಿರದಿಂದ ಬಲ್ಲವರು ನಮ್ಮ ಅಳತೆಗೋಲನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಇನ್ನು ಕಂಪನಿಯ ಹೆಸರಿನ ಭರವಸೆ. ಎಂದೂ ಕೆಡದ ಗಾಡಿ ಎಂದು ಲೋಕವೆಲ್ಲ ಹೊಗಳುವ ಟೊಯೋಟಾವೇ 1997ರಿಂದ 2002ರ ನಡುವಿನ ಕೆಲವು ಎಂಜಿನ್ನುಗಳಲ್ಲಿ ಆಯಿಲ್ ಗಸಿ ಕಟ್ಟಿದ ದೂರುಗಳಿಗಾಗಿ 2002ರಲ್ಲಿ ಅಮೆರಿಕದಲ್ಲಿ ಸುಮಾರು 33 ಲಕ್ಷ ವಾಹನಗಳಿಗೆ ವಿಶೇಷ ರಕ್ಷಣೆ ಘೋಷಿಸಬೇಕಾಯಿತು. ಅವು ಓಟದ ಕಾರುಗಳಲ್ಲ, ಮನೆಮಂದಿ ಕೂತು ಹೋಗುವ ಕಾರುಗಳು. ಹಳಸಿದ ಆಯಿಲ್ ಬಾನೆಟ್ಟಿನ ಮೇಲಿನ ಲಾಂಛನ ನೋಡಿ ಕೆಲಸ ಮಾಡುವುದಿಲ್ಲ. ಹೆಚ್ಚು ಶಕ್ತಿಯ ಎಂಜಿನ್ನಿನಲ್ಲಿ ಅದು ಬೇಗ ಕೊಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ವಾದಕ್ಕೆ ಮಿತಿಗಳಿವೆ. ಕಡಿಮೆ ಓಡಿದ ಗಾಡಿಯ ಸೀಟು, ಸಸ್ಪೆನ್ಷನ್, ಗೇರ್‌ಬಾಕ್ಸ್ ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ದಾಖಲೆಯಿಲ್ಲದ ಒಂದೂವರೆ ಲಕ್ಷ ಕಿಲೋಮೀಟರಿನ ಗಾಡಿ ದಾಖಲೆಯಿಲ್ಲದ ಮೂವತ್ತು ಸಾವಿರದ ಗಾಡಿಗಿಂತ ಉತ್ತಮ ಎಂದು ನಾನು ಹೇಳುತ್ತಿಲ್ಲ. ಓಡಿಸುವವನೂ ಎಂಜಿನ್ ಕೊಲ್ಲಬಲ್ಲ: ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕ್ಷಣವೇ ಕೆಂಪು ಗೆರೆಯವರೆಗೆ ಎಳೆದರೆ, ಐದನೇ ಗೇರಿನ ಬದಲು ಮೂರಕ್ಕೆ ಹಾಕಿದರೆ, ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ಒತ್ತಡ ಹಾಕಿದರೆ ಯಾವ ಆಯಿಲೂ ಉಳಿಸದು. ರೀಮ್ಯಾಪ್ ಮಾಡಿಸಿ, ಮಾರುವ ಮುಂಚೆ ಮೂಲ ಸಾಫ್ಟ್‌ವೇರ್ ಮತ್ತೆ ಹಾಕಿಸುವವರೂ ಇದ್ದಾರೆ. ಆದರೆ ಈ ದುರುಪಯೋಗಗಳಲ್ಲಿ ಒಂದನ್ನಾದರೂ ಮೀಟರಿನ ಅಂಕಿ ತೋರಿಸುತ್ತದೆಯೇ? ಹತ್ತು ಸಾವಿರ ಕಿಲೋಮೀಟರಿನಲ್ಲೂ ಇವೆಲ್ಲ ನಡೆಯಬಹುದು. ಈ ಮಿತಿಗಳೂ ಕೊನೆಗೆ ನನ್ನ ಮಾತಿನ ಕಡೆಗೇ ವಾಲುತ್ತವೆ.

‘ಹಳೇ ಗಾಡಿ ಕೊಂಡಮೇಲೆ ಅನುಭವಿಸಬೇಕು’ ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಅದು ನ್ಯಾಯದ ಪ್ರಶ್ನೆಯನ್ನು ಹಣೆಬರಹದ ಲೆಕ್ಕಕ್ಕೆ ಬರೆದುಬಿಡುತ್ತದೆ. ಹುಡುಗ ಅಗ್ಗಕ್ಕೆ ಆಸೆಪಟ್ಟಿರಲಿಲ್ಲ. ಕಡಿಮೆ ಓಡಿದೆ ಎಂಬ ಭರವಸೆಗೆಂದೇ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದ. ಮಾರಿದ ಅಂಗಡಿಯವರು ಇನ್ನೂರು ಅಂಶಗಳ ತಪಾಸಣೆ ಪಟ್ಟಿ ಕೊಟ್ಟಿದ್ದರು. ಅದನ್ನು ನಾನು ಸಾಲು ಸಾಲಾಗಿ ಓದಿದೆ. ವೈಪರ್, ಪವರ್ ವಿಂಡೋ, ಬೂಟಿನ ದೀಪ ಎಲ್ಲ ಇದ್ದವು. ಎಂಜಿನ್ನಿನ ಕೆಳಗೆ ‘ಶಬ್ದ ಸರಿ, ಆಯಿಲ್ ಮಟ್ಟ ಸರಿ’ ಎಂದು ಟಿಕ್ ಹಾಕಿತ್ತು. ಆಯಿಲಿನ ಮಟ್ಟ ನೋಡಿದ್ದರು, ವಯಸ್ಸು ನೋಡಿರಲಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಇಲ್ಲ, ಅದರ ಸೋರಿಕೆ ನೋಡುವ ಲೀಕ್‌ಡೌನ್ ಪರೀಕ್ಷೆ ಇಲ್ಲ, ಬಿಸಿ ಎಂಜಿನ್ನಿನ ಆಯಿಲ್ ಒತ್ತಡದ ಅಳತೆ ಇಲ್ಲ. ಎಂಜಿನ್ ಹೋದ ಮೇಲೆ ಅವರ ಉತ್ತರ ಒಂದೇ: ಕೊಡುವಾಗ ಸರಿಯಾಗಿತ್ತು.

ಬೇರೆ ದೇಶಗಳ ಕಾನೂನು ಈ ಉತ್ತರವನ್ನು ಇಷ್ಟು ಸುಲಭವಾಗಿ ಒಪ್ಪುವುದಿಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ವ್ಯಾಪಾರಿಯಿಂದ ಕೊಂಡ ಹಳೆಯ ಕಾರನ್ನೂ ದೋಷ ಇದ್ದರೆ 30 ದಿನದೊಳಗೆ ಹಿಂದಿರುಗಿಸಿ ಹಣ ಕೇಳಬಹುದು. ದುರಸ್ತಿ ಕೇಳಿದರೆ, ಆರು ತಿಂಗಳೊಳಗೆ ಕಂಡ ದೋಷ ಮಾರುವಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ವ್ಯಾಪಾರಿಯೇ ತೋರಿಸಬೇಕು. ಜರ್ಮನಿಯಲ್ಲಿ ಇಂಥ ಅವಧಿಯನ್ನು 2022ರಿಂದ ಆರು ತಿಂಗಳಿನಿಂದ ಒಂದು ವರ್ಷಕ್ಕೆ ಏರಿಸಿದ್ದಾರೆ. ಲೋಹ ಸವೆಯುವ ಬಗೆಯನ್ನು ಈ ಕಾನೂನುಗಳು ಸರಿಯಾಗಿ ಗ್ರಹಿಸಿವೆ. ಎರಡು ವಾರದಲ್ಲಿ ಹೋದ ಬೇರಿಂಗ್ ಎರಡು ವಾರದಲ್ಲಿ ಸವೆದದ್ದಲ್ಲ ಎಂಬ ಮೆಕ್ಯಾನಿಕ್ಕನ ಮಾತೇ ಅಲ್ಲಿ ಕಾನೂನಾಗಿದೆ.

ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ತತ್ವದಿಂದ ಹೊರಡುತ್ತದೆ. ಮಾರುವವನ ಪರಿಣತಿಯನ್ನು ನಂಬಿ ಕೊಂಡ ಸಂದರ್ಭಗಳಿಗೆ ವಿನಾಯಿತಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆದರೆ ದೋಷ ಮೊದಲೇ ಇತ್ತು ಎಂದು ತೋರಿಸುವ ಹೊರೆ ಹೆಚ್ಚುಕಡಿಮೆ ಕೊಂಡವನ ಹೆಗಲ ಮೇಲೇ ಕೂರುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹಳೆಯ ವಾಹನಗಳ ಡೀಲರುಗಳಿಗಾಗಿ ನಿಯಮ ಹೊರಡಿಸಿತು. 2023ರ ಏಪ್ರಿಲಿನಿಂದ ಅದು ಜಾರಿಯಲ್ಲಿದೆ. ಡೀಲರು ಅಧಿಕೃತ ಪ್ರಮಾಣಪತ್ರ ಪಡೆಯಬೇಕು, ಗಾಡಿ ತನ್ನ ವಶಕ್ಕೆ ಬಂದದ್ದನ್ನು ತಿಳಿಸಬೇಕು, ಅದು ಹೊರಗೆ ಓಡಿದ ಪ್ರತಿ ಸಲದ ದಾಖಲೆ ಇಡಬೇಕು. ಒಳ್ಳೆಯ ನಿಯಮ. ಗಾಡಿ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ಎಂಜಿನ್ನಿನ ಒಳಗೆ ಏನಿದೆ ಎಂಬ ಪ್ರಶ್ನೆ ಅಲ್ಲಿ ಎದ್ದೇ ಇಲ್ಲ. ಅದೇ ನಿಯಮಕ್ಕೆ ಎರಡು ಮಾತು ಸೇರಿಸಬೇಕು ಎಂಬುದು ನನ್ನ ಬೇಡಿಕೆ: ಡೀಲರು ಮಾರುವ ಗಾಡಿಯ ಆಯಿಲ್ ಬದಲಾವಣೆಯ ದಿನಾಂಕಗಳನ್ನು ಲಿಖಿತವಾಗಿ ಕೊಡಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು, ಮೊದಲ ಆರು ತಿಂಗಳಲ್ಲಿ ಎಂಜಿನ್ ಹೋದರೆ ದೋಷ ಮೊದಲಿರಲಿಲ್ಲ ಎಂದು ತೋರಿಸುವ ಹೊಣೆ ಡೀಲರಿನದ್ದಾಗಬೇಕು.

ಕಾನೂನಿಗೆ ಕಾಯುವ ಮೊದಲು ನಾವೇ ಬದಲಿಸಬಹುದಾದದ್ದು ನಮ್ಮ ಪ್ರಶ್ನೆ. ಪೇಟೆ ನಾವು ಕೇಳುವುದನ್ನೇ ತಯಾರಿಸುತ್ತದೆ. ಕಡಿಮೆ ಅಂಕಿಗೆ ಹೆಚ್ಚು ಹಣ ಎಂದು ನಾವು ಗೊತ್ತುಮಾಡಿದ್ದರಿಂದಲೇ ಮೀಟರ್ ಹಿಂದೆ ತಿರುಗಿಸುವ ದಂಧೆ ಹುಟ್ಟಿತು. ಮಾರುವಾಗ ಬೆಲೆ ಬರಲಿ ಎಂದು ಗಾಡಿಯನ್ನು ಓಡಿಸದೆ ನಿಲ್ಲಿಸುವ ಅಭ್ಯಾಸವೂ ಅಲ್ಲಿಂದಲೇ ಬಂತು. ಆಯಿಲ್ ಬಿಲ್ಲುಗಳಿಗೆ ನಾವು ಬೆಲೆ ಕೊಟ್ಟರೆ ಜನ ಬಿಲ್ಲುಗಳನ್ನು ಜೋಪಾನ ಮಾಡುತ್ತಾರೆ. ಗಾಡಿ ನೋಡಲು ಹೋಗುವವರು ಎಂಜಿನ್ ರಾತ್ರಿಯಿಡೀ ತಣ್ಣಗಿರಲಿ ಎಂದು ಮೊದಲೇ ಹೇಳಿ, ಮುಂಜಾನೆಯೇ ಹೋಗಬೇಕು. ತಾವು ತಲುಪುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ ವಾಪಸು ಬರಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ತಮ್ಮದೇ ಮೆಕ್ಯಾನಿಕ್ಕನಿಂದ ಕಂಪ್ರೆಷನ್ ನೋಡಿಸಬೇಕು, ಸಂಪ್ ಬಿಚ್ಚಿ ಜಾಲರಿ ನೋಡಲು ಒಪ್ಪುತ್ತೀರಾ ಎಂದು ಕೇಳಬೇಕು. ಕೊಂಡ ಮೇಲೆ ಮೊದಲ ಕೆಲಸ ಹೆದ್ದಾರಿಯ ಪ್ರಯಾಣವಲ್ಲ, ಹೊಸ ಆಯಿಲ್ ಮತ್ತು ಫಿಲ್ಟರ್. ಇವುಗಳ ಖರ್ಚನ್ನೆಲ್ಲ ಕೂಡಿಸಿದರೂ ಒಂದು ಎಂಜಿನ್ ಕಟ್ಟಿಸುವ ಹಣದ ಸಣ್ಣ ಪಾಲು.

ಅಕ್ಕನ ಮಗ ಹಳೆಯ ಮಾಲೀಕರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಬೈಯಬೇಕೆಂದೇ ಮಾಡಿದ್ದ. ಡಾಕ್ಟರು ವಯಸ್ಸಾದವರು, ಎಂಜಿನ್ ಹೋಯಿತೆಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಎಂಟು ವರ್ಷ ಒಂದು ಗೀರು ಬೀಳದ ಹಾಗೆ ನೋಡಿಕೊಂಡಿದ್ದೆನಲ್ಲಪ್ಪ. ದೂರ ಎಲ್ಲೂ ತಗೊಂಡು ಹೋಗ್ತಿರಲಿಲ್ಲ, ಓಡಿಸಿದ್ದೇ ಕಡಿಮೆ” ಎಂದರು. ಸರ್ವಿಸ್ ದಾಖಲೆಗಳನ್ನು ಹುಡುಕಿ ಕಳಿಸಿದವರೂ ಅವರೇ. ಅವರ ದನಿಯಲ್ಲಿ ಮೋಸ ಇರಲಿಲ್ಲ. ಗಾಡಿಯನ್ನು ಪ್ರೀತಿಸುವುದೆಂದರೆ ಅದನ್ನು ಓಡಿಸದಿರುವುದು ಎಂದು ನಾವೆಲ್ಲ ಸೇರಿ ಅವರಿಗೆ ಕಲಿಸಿದ್ದೆವು. ನನ್ನ ಸಲಹೆ ಬಂದದ್ದೂ ಅದೇ ಪಾಠದಿಂದ.

ಎಂಜಿನ್ ಮತ್ತೆ ಕಟ್ಟಿಸಿ ಕಾರು ಈಗ ಓಡುತ್ತಿದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಆಯಿಲ್ ಬದಲಾದ ದಿನ, ಅದರ ದರ್ಜೆ, ಫಿಲ್ಟರಿನ ನಂಬರು, ದೂರದ ಪ್ರಯಾಣಗಳು ಎಲ್ಲವೂ ಅಕ್ಕನ ಮಗನ ಕೈಬರಹದಲ್ಲಿವೆ. ಸವೆದ ಆ ಬೇರಿಂಗ್ ಚಿಪ್ಪನ್ನು ಒಂದು ಕಾಗದದಲ್ಲಿ ಸುತ್ತಿ ಅದರ ಜೊತೆಗೇ ಇಟ್ಟಿದ್ದಾನೆ. ಮುಂದೆ ಕಾರು ಮಾರುವ ದಿನ ಬಂದರೆ ಕೊಳ್ಳುವವರ ಕೈಗೆ ಕೀಲಿಗಿಂತ ಮೊದಲು ಅವೆರಡನ್ನೂ ಕೊಡುತ್ತಾನಂತೆ.